ಬದಲಾವಣೆಗೆ ಅಂಜುವ ಮಗು

(ಬಾನುಲಿ ಭಾಷಣ)

ಆಂಗ್ಲದ ‘ಆಟಿಸಂ’ ಎಂಬ ಶಬ್ದಕ್ಕೆ ಕನ್ನಡದಲ್ಲಿ ‘ಸ್ವಲೀನತೆ’ ಎಂಬ ಪದ ರೂಢಿಗೆ ಬಂದಿದೆ. ಗ್ರೀಕ್ ಭಾಷೆಯಲ್ಲಿ ‘ಆಟೋಸ್’ ಎಂದರೆ ತಾನು. ಆ ಅರ್ಥವನ್ನೇ ಹಿಡಿದು ಸಂಸ್ಕೃತದಿಂದ ಕಟ್ಟಿದ ಪದವಿದು. ವ್ಯಾಕರಣದ ದೃಷ್ಟಿಯಿಂದ ಪದದಲ್ಲಿ ದೋಷವಿಲ್ಲ. ಆದರೆ ಅದನ್ನು ಕೇಳಿದವರ ಮನಸ್ಸಿನಲ್ಲಿ ಮೂಡುವ ಚಿತ್ರ ಯಾವುದು? ಕಣ್ಣು ಮುಚ್ಚಿ ಕುಳಿತ ಯೋಗಿಯದು. ಹೊರಗಿನ ಗೊಡವೆಯಿಲ್ಲದೆ ತನ್ನಲ್ಲೇ ಕರಗಿಹೋದ ನಿಶ್ಚಿಂತ ಜೀವದ್ದು. ಇಂಥ ಮಗುವನ್ನು ಮನೆಯಲ್ಲಿ ಸಾಕಿದವರಿಗೆ ಈ ಚಿತ್ರ ನಿಜದಿಂದ ಎಷ್ಟು ದೂರವೆಂಬುದು ಗೊತ್ತು. ಹೊರಲೋಕ ಆ ಮಗುವಿನ ಮೇಲೆ ಎಡೆಬಿಡದೆ ಬಂದು ಬೀಳುತ್ತಿರುತ್ತದೆ. ಮಿಕ್ಸಿಯ ಸದ್ದು, ಹೊಸ ಅಂಗಿಯ ಕಾಲರು, ಟ್ಯೂಬ್‌ಲೈಟಿನ ಮಿಣುಕು, ಹೇಳದೆ ಬಂದ ನೆಂಟರು, ಇವುಗಳಲ್ಲಿ ಯಾವುದೂ ಅದಕ್ಕೆ ಸಣ್ಣ ವಿಷಯವಲ್ಲ. ನಿಶ್ಚಿಂತೆ ಅದರ ಪಾಲಿಗೆ ದುರ್ಲಭ.

ಈ ಹೊತ್ತು ನಾನು ಮಾತನಾಡಬೇಕೆಂದಿರುವುದು ಆ ಮಗುವಿನ ಆತಂಕದ ವಿಷಯವಾಗಿ. ಶಾಲೆಯ ಬದಲಾವಣೆ, ಔಷಧದ ಬದಲಾವಣೆಗಳ ನಡುವೆ ಅದರ ಕೈಹಿಡಿದು ನಡೆಸುವ ತಂದೆತಾಯಿಗಳ ವಿಷಯವಾಗಿ. ನಾನು ವೈದ್ಯನಲ್ಲ, ಕನ್ನಡ ಪಾಠ ಹೇಳಿ ನಿವೃತ್ತನಾದವನು. ಇಂಥ ಮೊಮ್ಮಗನೊಬ್ಬನ ತಾತನೆಂಬುದೇ ಈ ವಿಷಯದಲ್ಲಿ ನನಗಿರುವ ಅಧಿಕಾರ.

1943ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯ ಮನೋವೈದ್ಯ ಲಿಯೋ ಕ್ಯಾನರ್ 11 ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದರು. ಆಟಿಸಂ ಕುರಿತ ಈಚಿನ ವೈದ್ಯಜ್ಞಾನ ಆ ಲೇಖನದಿಂದ ಆರಂಭವಾಯಿತೆನ್ನಬಹುದು. ಅದರಲ್ಲಿ ಬರುವ ಮೊದಲ ಬಾಲಕ ಮಿಸಿಸಿಪಿ ಸಂಸ್ಥಾನದ ಡೊನಾಲ್ಡ್ ಟ್ರಿಪ್ಲೆಟ್. 1938ರಲ್ಲಿ ವೈದ್ಯರು ಆತನನ್ನು ಕಾಣುವ ಮೊದಲೇ ವಕೀಲನಾದ ಅವನ ತಂದೆ 33 ಪುಟಗಳ ಪತ್ರವೊಂದನ್ನು ಬೆರಳಚ್ಚು ಮಾಡಿಸಿ ಕಳುಹಿಸಿದ್ದ. ಮಗ ಏನು ತಿನ್ನುತ್ತಾನೆ, ಯಾವ ಆಟದಲ್ಲಿ ತಲ್ಲೀನನಾಗುತ್ತಾನೆ, ಯಾವುದಕ್ಕೆ ಕೆರಳುತ್ತಾನೆ ಎಂಬುದೆಲ್ಲವೂ ಅದರಲ್ಲಿತ್ತು. ಕ್ಯಾನರ್ ತಮ್ಮ ಲೇಖನದಲ್ಲಿ ಆ ಪತ್ರವನ್ನು ಧಾರಾಳವಾಗಿ ಬಳಸಿಕೊಂಡರು. ಒಂದು ಶಾಸ್ತ್ರದ ಮೊದಲ ಅಧ್ಯಾಯಕ್ಕೆ ಒಬ್ಬ ತಂದೆಯ ಬರವಣಿಗೆ ಆಧಾರವಾಯಿತೆಂಬುದನ್ನು ನಾವು ನೆನಪಿಡಬೇಕು.

ಕ್ಯಾನರ್ ಆ ಮಕ್ಕಳಲ್ಲಿ ಎರಡು ಲಕ್ಷಣಗಳನ್ನು ಮುಖ್ಯವಾಗಿ ಗುರುತಿಸಿದರು. ಒಂದು, ಒಂಟಿತನ. ಇನ್ನೊಂದು, ಎಲ್ಲವೂ ಇದ್ದಂತೆಯೇ ಇರಬೇಕೆಂಬ ತೀವ್ರವಾದ, ಆತಂಕದಿಂದ ಕೂಡಿದ ಹಂಬಲ. ಜನರ ನೆನಪಿನಲ್ಲಿ ಉಳಿದದ್ದು ಮೊದಲನೆಯದು. ತಂದೆತಾಯಿಗಳ ದಿನನಿತ್ಯದ ಬದುಕನ್ನು ಆಳುವುದು ಎರಡನೆಯದು. 31 ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಪ್ರಕಾರ, ಆಟಿಸಂ ಇರುವ ಮಕ್ಕಳಲ್ಲಿ ನೂರಕ್ಕೆ ಸುಮಾರು 40 ಮಂದಿಗೆ ಚಿಕಿತ್ಸೆಗೆ ಅರ್ಹವಾದ ಆತಂಕದ ತೊಂದರೆ ಒಂದಾದರೂ ಇರುತ್ತದೆ.

ಈ ಆತಂಕವನ್ನು ಗುರುತಿಸುವುದು ಸುಲಭವಲ್ಲ. ಬೇರೆ ಮಗುವಾದರೆ ‘ಹೆದರಿಕೆಯಾಗುತ್ತದೆ’ ಎಂದು ಬಂದು ಸೆರಗು ಹಿಡಿಯುತ್ತದೆ. ಈ ಮಗು ‘ನಾಳೆ ಸ್ಕೂಲ್ ಇದೆಯಾ?’ ಎಂಬ ಒಂದೇ ಪ್ರಶ್ನೆಯನ್ನು ಮಲಗುವವರೆಗೆ ನಲವತ್ತು ಸಲ ಕೇಳುತ್ತದೆ. ಹೊಟ್ಟೆ ನೋವೆನ್ನುತ್ತದೆ. ಶೂ ಹಾಕಿಕೊಳ್ಳಲು ಒಲ್ಲದೆ ಬಾಗಿಲಲ್ಲಿ ಕುಳಿತುಬಿಡುತ್ತದೆ. ಕಿವಿ ಮುಚ್ಚಿಕೊಳ್ಳುತ್ತದೆ, ತನ್ನ ಕೈಯನ್ನೇ ಕಚ್ಚಿಕೊಳ್ಳುತ್ತದೆ; ಕೆಲವೊಮ್ಮೆ ಕಾರಣವಿಲ್ಲದೆ ನಗುವುದೂ ಉಂಟು. ನೋಡಿದವರು ಇದನ್ನು ‘ಹಟ’ ಎನ್ನುತ್ತಾರೆ. ಹಟಕ್ಕೆ ನಮ್ಮಲ್ಲಿ ಗದರಿಕೆಯ ಮದ್ದುಂಟು. ಭಯಕ್ಕೆ ಅದೇ ಮದ್ದನ್ನು ಕೊಟ್ಟರೆ ಭಯ ಇಮ್ಮಡಿಸುತ್ತದೆ.

ನಮ್ಮ ನಾಡಿನಲ್ಲಿ ಈ ಭಯಕ್ಕೆ ಒಂದು ಋತುಮಾನವೂ ಇದೆ. ಬೇಸಿಗೆಯ ರಜೆ ಮುಗಿದು ಜೂನ್ ಬಂದೊಡನೆ ಮಗುವಿನ ಜಗತ್ತಿನಲ್ಲಿ ಎಲ್ಲವೂ ಒಮ್ಮೆಲೇ ಬದಲಾಗುತ್ತದೆ. ಹೊಸ ತರಗತಿ, ಹೊಸ ಕೋಣೆ, ಹೊಸ ಉಪಾಧ್ಯಾಯಿನಿ, ಹೊಸ ವೇಳಾಪಟ್ಟಿ, ಪಕ್ಕದಲ್ಲಿ ಹೊಸ ಹುಡುಗ. ಅದು ಸಾಲದೆಂಬಂತೆ ಮಳೆ. ಬೆಳಿಗ್ಗೆ ಇದ್ದ ಶಾಲೆಗೆ ಹತ್ತು ಗಂಟೆಗೆ ರಜೆ. ಉಳಿದ ಮಕ್ಕಳು ಕುಣಿದಾಡುವ ಆ ರಜೆ ಈ ಮಗುವಿಗೆ ನೆಲ ಕುಸಿದ ಹಾಗೆ.

ಮಾಡಬಹುದಾದದ್ದು ಬಹಳವಿದೆ, ಅದರಲ್ಲಿ ದುಬಾರಿಯಾದದ್ದು ಕಡಮೆ. ಶಾಲೆ ತೆರೆಯುವ ಮುನ್ನವೇ ಮಗುವನ್ನು ಕರೆದೊಯ್ದು ಬರಿದಾದ ಹೊಸ ಕೋಣೆಯನ್ನು ಎರಡು ಮೂರು ಸಲ ತೋರಿಸಬಹುದು. ಹೊಸ ಉಪಾಧ್ಯಾಯಿನಿಯ ಭಾವಚಿತ್ರವನ್ನು ಮೊದಲೇ ಮನೆಯ ಗೋಡೆಗೆ ಅಂಟಿಸಬಹುದು. ದಿನದ ಕಾರ್ಯಕ್ರಮವನ್ನು ಚಿತ್ರಗಳಲ್ಲಿ ಬರೆದು ಮೇಜಿನ ಮೇಲಿಡಬಹುದು. ಗಂಟೆ ಬಾರಿಸುವ ಮೊದಲು ‘ಈಗ ಗಂಟೆಯಾಗುತ್ತದೆ’ ಎಂದು ಒಂದು ಮಾತು ಹೇಳಬಹುದು. ತಾಳಲಾರದೆ ಹೋದಾಗ ಹತ್ತು ನಿಮಿಷ ಕುಳಿತು ಬರಲು ಒಂದು ಮೂಲೆಯನ್ನು ಗೊತ್ತುಮಾಡಬಹುದು. ಇದನ್ನು ಶಾಲೆಗಳು ದಯೆಯಿಂದ ಮಾಡಬೇಕಾಗಿಲ್ಲ. 1995ರ ಕಾಯಿದೆ ಪಟ್ಟಿ ಮಾಡಿದ 7 ವೈಕಲ್ಯಗಳಲ್ಲಿ ಆಟಿಸಂ ಇರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮ ಅದನ್ನು 21ರಲ್ಲಿ ಒಂದಾಗಿ ಸೇರಿಸಿತು. ಸರ್ಕಾರದ ಧನಸಹಾಯ ಅಥವಾ ಮನ್ನಣೆ ಪಡೆದ ಶಾಲೆಗಳು ಭೇದವೆಣಿಸದೆ ಪ್ರವೇಶ ಕೊಡಬೇಕು, ಮಗುವಿನ ಅಗತ್ಯಕ್ಕೆ ತಕ್ಕ ಅನುಕೂಲ ಒದಗಿಸಬೇಕು ಎಂಬುದು ಅದರ ಆಶಯ.

ಇನ್ನು ಔಷಧದ ಮಾತು. ಆಟಿಸಂ ಅನ್ನೇ ಗುಣಪಡಿಸುವ ಮಾತ್ರೆ ಯಾವುದೂ ಇಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2006ರಲ್ಲಿ ರಿಸ್ಪೆರಿಡೋನ್ ಎಂಬುದಕ್ಕೂ 2009ರಲ್ಲಿ ಅರಿಪಿಪ್ರಜೋಲ್ ಎಂಬುದಕ್ಕೂ ಒಪ್ಪಿಗೆಯಿತ್ತದ್ದು, ಈ ಮಕ್ಕಳಲ್ಲಿ ಕಾಣುವ ತೀವ್ರ ಕೆರಳಿಕೆಯನ್ನು ತಗ್ಗಿಸುವುದಕ್ಕೆ ಮಾತ್ರ. ಅವುಗಳಿಂದ ಹಸಿವು, ತೂಕ ಹೆಚ್ಚುವುದುಂಟು; ಆದ್ದರಿಂದ ತೂಕವನ್ನೂ ರಕ್ತದ ಸಕ್ಕರೆಯನ್ನೂ ಆಗಾಗ ನೋಡಿಸುತ್ತಿರಬೇಕು. ಆತಂಕಕ್ಕೆಂದು ಕೊಡುವ ಬೇರೆ ಬಗೆಯ ಮಾತ್ರೆಗಳ ಫಲ ತಿಳಿಯಲು ಕೆಲವು ವಾರಗಳು ಬೇಕು. ಆರಂಭದಲ್ಲಿ ಕೆಲವು ಮಕ್ಕಳು ಇನ್ನಷ್ಟು ಚಡಪಡಿಸುವುದೂ ಉಂಟು. ಯಾವುದನ್ನೂ ವೈದ್ಯರನ್ನು ಕೇಳದೆ ಥಟ್ಟನೆ ನಿಲ್ಲಿಸಬಾರದು. ಔಷಧವೆಂದರೆ ಮಗುವನ್ನು ಮಂಕು ಮಾಡುವುದೆಂದು ಹೀಗಳೆಯುವವರಿದ್ದಾರೆ. ತಕ್ಕ ಔಷಧ ತಕ್ಕ ಪ್ರಮಾಣದಲ್ಲಿ ಸಿಕ್ಕಿದಾಗ ಮಗುವಿಗೆ ನಿದ್ದೆ ಬರುತ್ತದೆ, ಕಲಿಯುವುದಕ್ಕೆ ಬಿಡುವಾಗುತ್ತದೆ. ಅದೇನೂ ಸಣ್ಣ ಉಪಕಾರವಲ್ಲ. ಇನ್ನೊಂದು ವಿಚಿತ್ರವನ್ನೂ ಹೇಳಬೇಕು. ಅಂಗಡಿಯವನು ಅದೇ ಔಷಧವನ್ನು ಬೇರೆ ಕಂಪೆನಿಯದು ಕೊಟ್ಟನೆನ್ನಿ. ಬಿಳಿಯ ಮಾತ್ರೆಯ ಜಾಗದಲ್ಲಿ ಹಳದಿಯ ಮಾತ್ರೆ ಬಂದರೆ ಮಗುವಿನ ದೃಷ್ಟಿಯಲ್ಲಿ ಅದು ಬೇರೆಯದೇ ವಸ್ತು. ಬಾಯಿ ತೆರೆಯುವುದಿಲ್ಲ.

ನಮ್ಮ ಮನೆಯಲ್ಲೇ ನಡೆದುದನ್ನು ಹೇಳುತ್ತೇನೆ. 2024ರ ಮೇ ತಿಂಗಳಲ್ಲಿ ಮೊಮ್ಮಗನ ಔಷಧದ ಪ್ರಮಾಣವನ್ನು ವೈದ್ಯರು ಹೆಚ್ಚಿಸಿದ್ದರು. ಜೂನ್‌ನಲ್ಲಿ ಹೊಸ ತರಗತಿ. ಮೂರನೆಯ ವಾರದ ಹೊತ್ತಿಗೆ ಅವನ ಮಣಿಕಟ್ಟಿನ ಮೇಲೆ ಹಲ್ಲಿನ ಗುರುತುಗಳು ಕಾಣಿಸಿಕೊಂಡವು. ಔಷಧ ಒಗ್ಗಲಿಲ್ಲ, ಬೇರೆ ಕೊಡಿಸಿ. ಅಲ್ಲಿಯವರೆಗೆ ಮನೆಯಲ್ಲೇ ಇರಲಿ ಎಂದು ಶಾಲೆಯಿಂದ ಹೇಳಿಕಳುಹಿಸಿದರು. ನನ್ನ ಮಗಳು ಇನ್ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ದಿನವೂ ಬರೆದಿಡುತ್ತಿದ್ದಳು: ಎಷ್ಟು ಹೊತ್ತು ಮಲಗಿದ, ಏನು ತಿಂದ, ಮಾತ್ರೆ ಎಷ್ಟು ಗಂಟೆಗೆ, ಕೆರಳಿದ್ದು ಯಾವಾಗ, ಅದಕ್ಕೆ ಮುಂಚೆ ಏನಾಯಿತು. ಶಾಲೆಯ ಆಯಾ ಬಳಿ ಕೇಳಿ ಕೇಳಿ ಹೊತ್ತನ್ನೂ ಗುರುತು ಹಾಕಿದ್ದಳು. ವೈದ್ಯರು ಆ ಪುಟಗಳನ್ನು ನಿಧಾನವಾಗಿ ತಿರುವಿದರು. ಕಚ್ಚಿಕೊಂಡದ್ದೆಲ್ಲ ಹನ್ನೆರಡರಿಂದ ಒಂದು ಗಂಟೆಯೊಳಗೆ. ಭಾನುವಾರ ಇಲ್ಲ. ಮಳೆಯ ರಜೆಯ ದಿನ ತಳಮಳವಿತ್ತು, ಕಚ್ಚುವುದಿರಲಿಲ್ಲ. ಹೊಸ ಕೋಣೆಯ ಮಗ್ಗುಲಲ್ಲೇ ಊಟದ ತಟ್ಟೆಗಳನ್ನು ತೊಳೆದು ಜೋಡಿಸುವ ಜಾಗವಿತ್ತು. ಸ್ಟೀಲ್ ತಟ್ಟೆಗಳ ಆ ಖಣಖಣ ಸದ್ದು ದಿನವೂ ಅದೇ ಹೊತ್ತಿಗೆ.

ವೈದ್ಯರು ಔಷಧವನ್ನು ಮುಟ್ಟಲಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡೋಣ, ಮೊದಲು ಕೋಣೆ ಬದಲಾಗಲಿ ಎಂದರು. ಶಾಲೆಯನ್ನು ಒಪ್ಪಿಸಲು ಒಂದೂವರೆ ತಿಂಗಳು ಹಿಡಿಯಿತು. ಕಚ್ಚಿಕೊಳ್ಳುವುದು ಪೂರ್ತಿ ನಿಂತಿತೆಂದು ಹೇಳಲಾರೆ. ವಾರಕ್ಕೊಮ್ಮೆ ಎನ್ನುವಷ್ಟಕ್ಕೆ ಇಳಿಯಿತು. ಕೋಣೆಯನ್ನೂ ಔಷಧವನ್ನೂ ಒಟ್ಟಿಗೇ ಬದಲಿಸಿದ್ದರೆ, ಉಪಶಮನವಾದದ್ದು ಯಾವುದರಿಂದ ಎಂಬುದು ಯಾರಿಗೂ ತಿಳಿಯುತ್ತಿರಲಿಲ್ಲ. ಇನ್ನೊಂದು ಮನೆಯಲ್ಲಿ ಅಂಥದೇ ನೋಟ್‌ಬುಕ್ಕು ತಪ್ಪು ಮಾತ್ರೆಯದೇ ಎಂದು ತೋರಿಸಿಕೊಡಬಹುದು; ಮತ್ತೊಂದರಲ್ಲಿ ಹಲ್ಲುನೋವನ್ನೋ ಮಲಬದ್ಧತೆಯನ್ನೋ ಹೊರಗೆಡಹಬಹುದು. ನೋವನ್ನು ಹೇಳಿಕೊಳ್ಳಲಾರದ ಮಗುವಿನ ಪರವಾಗಿ ಸಾಕ್ಷಿ ನುಡಿಯುವುದು ಆ ಪುಟಗಳೇ. ಕಲಬುರಗಿ, ರಾಯಚೂರುಗಳಿಂದ ರಾತ್ರಿಯಿಡೀ ಪ್ರಯಾಣ ಮಾಡಿ ಬೆಂಗಳೂರಿನ ನಿಮ್ಹಾನ್ಸಿಗೆ ಬರುವ ಕುಟುಂಬಗಳುಂಟು. ಅಲ್ಲಿ ವೈದ್ಯರಿಗೆ ಕಾಣುವುದು ಪ್ರಯಾಣದಿಂದ ಕಂಗೆಟ್ಟ ಮಗು. ಮನೆಯ ಮಗುವನ್ನು ಅವರ ಮುಂದಿಡಬೇಕಾದವರು ತಂದೆತಾಯಿಗಳು.

ಹೀಗೆ ಬರೆದಿಡುವ ತಾಯಿಗೆ ನಮ್ಮ ಸಮಾಜ ಕೊಡುವ ಬಹುಮಾನವಾದರೂ ಏನು? ಮುದ್ದು ಮಾಡಿ ಕೆಡಿಸಿದಳು ಎಂಬ ಮಾತು. ಈ ಅಪವಾದ ನಮ್ಮಲ್ಲಿ ಮಾತ್ರ ಹುಟ್ಟಿದ್ದಲ್ಲ. ತಾಯಿಯ ಪ್ರೀತಿ ತಣ್ಣಗಾದುದರಿಂದಲೇ ಮಗು ಹೀಗಾಯಿತೆಂಬ ವಾದವನ್ನು ಬ್ರೂನೋ ಬೆಟೆಲ್‌ಹೈಮ್ 1967ರ ತನ್ನ ಪುಸ್ತಕದಲ್ಲಿ ಪ್ರಸಾರ ಮಾಡಿದ. ಆಟಿಸಂ ಇರುವ ಮಗುವಿನ ತಂದೆಯೂ ಮನಶ್ಶಾಸ್ತ್ರಜ್ಞನೂ ಆಗಿದ್ದ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲೇ ಅಂಥ ವಾದವನ್ನು ಖಂಡಿಸಿ ಬರೆದಿದ್ದ. 1977ರಲ್ಲಿ ಸೂಸನ್ ಫೋಲ್‌ಸ್ಟೀನ್ ಮತ್ತು ಮೈಕೇಲ್ ರಟ್ಟರ್ ಅವಳಿ ಮಕ್ಕಳ ಅಧ್ಯಯನದಿಂದ ಇದರಲ್ಲಿ ಆನುವಂಶಿಕತೆಯ ಪಾತ್ರವಿದೆಯೆಂದು ತೋರಿಸಿದರು. ಶಾಸ್ತ್ರ ತಾಯಿಯನ್ನು ದೋಷಮುಕ್ತಳನ್ನಾಗಿ ಮಾಡಿ ದಶಕಗಳೇ ಕಳೆದಿವೆ; ಮದುವೆಮನೆಯ ಪಡಸಾಲೆ ಇನ್ನೂ ಮಾಡಿಲ್ಲ.

ಡೊನಾಲ್ಡ್ ಟ್ರಿಪ್ಲೆಟ್ ಮುಂದೇನಾದನೆಂದು ಕೇಳುಗರಿಗೆ ಕುತೂಹಲವಿರಬಹುದು. ನಾಲ್ಕು ತುಂಬುವ ಮೊದಲೇ, 1937ರಲ್ಲಿ, ಅವನನ್ನು ಒಂದು ಸಂಸ್ಥೆಗೆ ಸೇರಿಸಿದ್ದರು. ಮರುವರ್ಷ ತಂದೆತಾಯಿಗಳೇ ಹಿಂದಕ್ಕೆ ಕರೆತಂದರು. 1942ರಲ್ಲಿ ಹಳ್ಳಿಯ ರೈತ ದಂಪತಿಗಳೊಬ್ಬರ ಮನೆಯಲ್ಲಿ ಅವನನ್ನು ಇರಿಸಿದರು. ಅವನಿಗೆ ಕಂಡದ್ದನ್ನೆಲ್ಲ ಎಣಿಸುವ ಗೀಳು. ಆ ರೈತರು ಎಣಿಸಬೇಡವೆಂದು ಗದರಲಿಲ್ಲ. ನೇಗಿಲು ಕೊಟ್ಟು, ಉಳುತ್ತ ಜೋಳದ ಸಾಲುಗಳನ್ನು ಎಣಿಸೆಂದರು. ಸಮೀಪದ ಹಳ್ಳಿಯ ಶಾಲೆ ಅವನ ವಿಚಿತ್ರಗಳನ್ನು ಒಪ್ಪಿಕೊಂಡಿತು. ಅಲ್ಲಿ ಅವನು ಚೆನ್ನಾಗಿ ಕಲಿತ. ಇದನ್ನು ಕ್ಯಾನರ್ ಅವರೇ 1971ರಲ್ಲಿ ಬರೆದಿದ್ದಾರೆ. ಅನಂತರ ಕಾಲೇಜು ಮುಗಿಸಿ, ತನ್ನೂರಿನ ಬ್ಯಾಂಕಿನಲ್ಲಿ ದುಡಿದು, ದೇಶ ಸುತ್ತಿ, 2023ರಲ್ಲಿ ತನ್ನ 89ನೆಯ ವಯಸ್ಸಿನಲ್ಲಿ ಅವನು ತೀರಿಕೊಂಡ. ಎಲ್ಲ ಮಕ್ಕಳಿಗೂ ಅಂಥ ಅನುಕೂಲ ಒದಗುವುದಿಲ್ಲ. ಎಲ್ಲರಿಗೂ ಅಷ್ಟು ಮಾತೂ ಒಲಿಯುವುದಿಲ್ಲ. ಆದರೆ ಎಣಿಸುವ ಹುಡುಗನಿಗೆ ಎಣಿಸಲು ಒಂದು ಹೊಲವನ್ನು ತೋರಿಸುವುದಕ್ಕೆ ದೊಡ್ಡ ವಿದ್ಯೆಯೇನೂ ಬೇಕಾಗಿರಲಿಲ್ಲ. ಈ ಜೂನ್‌ನಲ್ಲಿ ನಿಮ್ಮ ಬೀದಿಯ ಯಾವುದೋ ಮನೆಯ ಬಾಗಿಲಲ್ಲಿ ಮಗುವೊಂದು ಶೂ ಹಾಕಿಕೊಳ್ಳದೆ ಕುಳಿತಿದ್ದರೆ, ದಯವಿಟ್ಟು ಅದರ ತಾಯಿಗೆ ಬುದ್ಧಿವಾದ ಹೇಳಬೇಡಿ. ಶಾಲೆಯವರನ್ನು ಬಲ್ಲವರಾದರೆ, ಅವರೊಡನೆ ಒಂದು ಮಾತನಾಡಿ.