ನಿನ್ನ ಅಡ್ಡಹೆಸರೇನು?



ಈಗಿನ ಕೆಲಸದ ಜಾಗದಲ್ಲಿ ಜಾತಿಭೇದ ಉಳಿದಿದೆಯೇ ಎಂಬ ವಿಷಯದ ಮೇಲೆ ನಾಲ್ಕು ಮಾತು ಹೇಳು ಎಂದು ಸಂಘದವರು ಹೇಳಿದರು. ಕಾಲೇಜಿನಲ್ಲಿ ಈ ಮಾತು ಬಂದಾಗ ಒಬ್ಬ ಗೆಳೆಯ, "ಈಗ ಅರ್ಜಿ ಎಲ್ಲಾ ಆನ್‌ಲೈನ್ ಆಗೇದ. ಕಂಪ್ಯೂಟರಿಗೆ ಜಾತಿ ಹ್ಯಾಂಗ ಗೊತ್ತಾಗ್ತದ?" ಅಂದ. ಕಂಪ್ಯೂಟರಿಗೆ ಗೊತ್ತಾಗಲಿಕ್ಕಿಲ್ಲ. ಅದರ ಮುಂದೆ ಕುಂತವರಿಗೆ ಗೊತ್ತಾಗುತ್ತದೆ.

ಪರದೇಶದಲ್ಲಿ ಕರಿಯರನ್ನು ದೂರ ಇಡುವವರು ಮೈಬಣ್ಣ ನೋಡುತ್ತಾರೆ. ನಮ್ಮಲ್ಲಿ ಬಣ್ಣದಿಂದ ಜಾತಿ ತಿಳಿಯುವುದಿಲ್ಲ. ಜಾತಿ ಅಂದರೆ ಜನಾಂಗವಲ್ಲ ಎಂದು ಬಾಬಾಸಾಹೇಬರು 1936ರಲ್ಲೇ 'ಜಾತಿ ವಿನಾಶ'ದಲ್ಲಿ ಬರೆದಿದ್ದಾರೆ. ಅದಕ್ಕೇ ನಮ್ಮಲ್ಲಿ ಕೇಳಿ ತಿಳಕೊಳ್ಳುತ್ತಾರೆ. ಮೊದಲು ಹೆಸರು, ಆಮೇಲೆ ಊರು, ಕಡೆಗೆ "ಅಡ್ಡಹೆಸರೇನು?"

ಹಿಂದೆ ಇದು ಬಹಿರಂಗವಾಗಿಯೇ ಇತ್ತು. ಮುಂಬಯಿ ಗಿರಣಿಗಳಲ್ಲಿ ಹೆಚ್ಚು ಪಗಾರದ ನೇಯ್ಗೆ ಖಾತೆ ನಮ್ಮವರಿಗೆ ಮುಚ್ಚಿತ್ತು. ಎಳೆ ಹರಿದರೆ ಬಾಯಿಂದ ಹೀರಿ ಲಾಳಿಗೆ ಏರಿಸಬೇಕು, ಎಂಜಲು ಮೈಲಿಗೆ ಆಗುತ್ತದೆ ಅನ್ನೋದು ಅವರ ನೆಪ. 1928ರ ಮುಷ್ಕರದ ಹೊತ್ತಿನಲ್ಲಿ ಬಾಬಾಸಾಹೇಬರು ಇದನ್ನು ಎತ್ತಿ ಹೇಳಿದರು. 1938ರಲ್ಲಿ ಮನಮಾಡದಲ್ಲಿ ರೇಲ್ವೆ ಕಾರ್ಮಿಕರ ಮುಂದೆ, ನಮ್ಮವರು ಗ್ಯಾಂಗಮನ್ ಆಗಿಯೇ ಉಳಿಯುತ್ತಾರೆ, ಪೋರ್ಟರ್ ಕೆಲಸ ಕೂಡ ಸಿಗುವುದಿಲ್ಲ ಎಂದರು. ಯಾಕಂದರೆ ಪೋರ್ಟರ್ ಆದವನು ಸ್ಟೇಷನ್ ಮಾಸ್ತರರ ಮನೆಗೆಲಸಕ್ಕೂ ಬೇಕಾಗುತ್ತಿದ್ದ!

ಅದು ಹಳೇ ಕಾಲ ಅನ್ನಬೇಡಿ. ಸುಖದೇವ ಥೋರಾತ್ ಮತ್ತು ಪಾಲ್ ಅಟ್ಟೆವೆಲ್ ಅವರು ಖಾಸಗಿ ಕಂಪನಿಗಳ ಪೇಪರ್ ಜಾಹೀರಾತು ನೋಡಿ 4,808 ಅರ್ಜಿ ಕಳಿಸಿ ಪರೀಕ್ಷೆ ಮಾಡಿದರು. ಒಂದೇ ತರಹದ ಓದು, ಬೇರೆ ಬೇರೆ ಹೆಸರು. ಮೇಲ್ಜಾತಿ ಹೆಸರಿಗಿಂತ ದಲಿತ ಹೆಸರಿಗೆ ಕರೆ ಬರುವ ಸಾಧ್ಯತೆ ಸುಮಾರು ಮೂರನೇ ಒಂದು ಪಾಲು ಕಡಿಮೆ ಇತ್ತು. ಇದು ಪ್ರಕಟವಾದದ್ದು 2007ರಲ್ಲಿ. 2023ರಲ್ಲಿ ಅಮೆರಿಕದ ಸಿಯಾಟಲ್ ನಗರವು ಜಾತಿಭೇದ ನಿಷೇಧಿಸಿ ಕಾನೂನು ಮಾಡಬೇಕಾಯಿತು. ಜಾತಿ ವಿಮಾನ ಹತ್ತಿ ಅಲ್ಲಿಗೂ ಹೋಗೇದ.

ಈಗ ನನ್ನ ಮಾತು. ದೀಪಾವಳಿ ಸೂಟಿಯಲ್ಲಿ ಸೊಲ್ಲಾಪುರದ ಒಂದು ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋದೆ. ಮಾಲಕರು ಅಡ್ಡಹೆಸರು ಕೇಳಿದರು. ನಾನು "ಕುರನೂರಕರ" ಅಂದೆ. ಊರಿನ ಹೆಸರನ್ನೇ ಅಡ್ಡಹೆಸರು ಮಾಡಿ ಹೇಳಿದೆ. ಎಂಟು ದಿನ ಎಲ್ಲರ ಜೋಡಿ ಡಬ್ಬಿ ಬಿಚ್ಚಿ ಉಂಡೆ, ಗಿರಾಕಿಗೆ ಸೀರೆ ತೋರಿಸಿದೆ. ಒಂಬತ್ತನೇ ದಿನ ನನ್ನ ಮೊಬೈಲಿನಲ್ಲಿ ಭೀಮ ಜಯಂತಿಯ ಫೋಟೋ ಒಬ್ಬ ನೋಡಿದ. ಮರುದಿನ ನನ್ನನ್ನು ಗೋದಾಮಿಗೆ ಹಾಕಿದರು. ನೀರಿಗೆ ಒಂದು ಪ್ಲಾಸ್ಟಿಕ್ ಗ್ಲಾಸು ಬೇರೆ ಬಂತು. ಯಾರೂ ಬೈಯಲಿಲ್ಲ, ಜಾತಿ ಹೆಸರೂ ಎತ್ತಲಿಲ್ಲ. ಅದಕ್ಕೇ ಏನಂತ ಜಗಳ ತೆಗೀಬೇಕು ತಿಳೀಲಿಲ್ಲ. ಸುಮ್ಮನೆ ಬಿಟ್ಟು ಬಂದೆ. ಅವ್ವನಿಗೆ "ಓದೋದು ಅದ" ಅಂತ ಸುಳ್ಳು ಹೇಳಿದೆ.

ಆ ಗ್ಲಾಸಿಗಿಂತ ನನಗೆ ಹೆಚ್ಚು ಚುಚ್ಚೋದು ನಾನು ಮುಚ್ಚಿಟ್ಟ ಹೆಸರು. ಅಪ್ಪ ಅದೇ ಹೆಸರಿನಿಂದ ನನ್ನನ್ನು ಸಾಲಿಗೆ ಹಚ್ಚಿದ್ದ.

ಗೆಳೆಯರೇ, ಸಂವಿಧಾನದ 17ನೇ ಕಲಮು ಅಸ್ಪೃಶ್ಯತೆಯನ್ನು ರದ್ದು ಮಾಡಿದೆ. 1955ರ ಕಾನೂನಿನಲ್ಲಿ ಅಸ್ಪೃಶ್ಯತೆಯ ಕಾರಣಕ್ಕೆ ನೌಕರಿಗೆ ಅಡ್ಡಿ ಮಾಡುವುದೂ ಅಪರಾಧ. 1989ರ ದೌರ್ಜನ್ಯ ತಡೆ ಕಾನೂನು ಖಾಸಗಿ ಮಾಲಕರಿಗೂ ಅನ್ವಯ. ಆದರೆ ಕಾನೂನಿಗೆ ಸಾಕ್ಷಿ ಬೇಕು. ಯಾವ ದಿನ, ಯಾರು, ಏನು ಮಾಡಿದರು, ಯಾರು ನೋಡಿದರು, ಅದೇ ರಾತ್ರಿ ಬರೆದಿಡಿ. ಒಬ್ಬರೇ ಸಹಿಸಿ ಬಿಟ್ಟು ಬರಬೇಡಿ, ಸಂಘಕ್ಕೆ ಬಂದು ಹೇಳಿ. ನಾನು ಹಾಗೆ ಮಾಡಲಿಲ್ಲ, ಅದು ನನ್ನ ತಪ್ಪು. ಸಂಘದ ಹಿರಿಯರಲ್ಲಿ ಒಂದು ವಿನಂತಿ: ಇಂಥ ದೂರು ಬರೆದಿಡಲು ಒಂದು ವಹಿ ಇಡಿ. ಮತ್ತ ನಮ್ಮೊಳಗೇ ಗಟಾರ ಬಳಿಯುವ ಅಣ್ಣನಿಗೆ ಬೇರೆ ಕಪ್ಪಿನಲ್ಲಿ ಚಹಾ ಕೊಡುವವರು ಇದ್ದರೆ, ಅದನ್ನೂ ಆ ವಹಿಯಲ್ಲಿ ಬರೆಯೋಣ.

ಈ ಭಾಷಣ ಸ್ಮರಣ ಸಂಚಿಕೆಯಲ್ಲಿ ಅಚ್ಚು ಹಾಕುತ್ತಾರಂತೆ. ಕೆಳಗೆ ನನ್ನ ಪೂರ್ತಿ ಹೆಸರು ಹಾಕಿರಿ ಎಂದು ಹೇಳಿದ್ದೇನೆ. ಅಡ್ಡಹೆಸರು ಸಹಿತ.

ಜೈ ಭೀಮ್.