ಬೋರ್ಡೋ ದ್ರಾವಣಕ್ಕೆ ಕಬ್ಬಿಣದ ಪಾತ್ರೆ ಬೇಡ



ಅಡಿಕೆಯ ಕೊಳೆರೋಗಕ್ಕೆ ಮಳೆಗಾಲದ ಆರಂಭದಲ್ಲಿ ಶೇಕಡ 1ರ ಬೋರ್ಡೋ ದ್ರಾವಣ ಸಿಂಪಡಿಸುವುದು ಮಲೆನಾಡಿಗೆ ಹೊಸದಲ್ಲ. ಆದರೂ ಔಷಧಿ ಹೊಡೆದ ಮೇಲೂ ಕೆಲವು ತೋಟಗಳಲ್ಲಿ ಕಾಯಿ ಉದುರುತ್ತದೆ. ಇದಕ್ಕೆ ದ್ರಾವಣ ತಯಾರಿಸಿದ ಪಾತ್ರೆಯೂ ಒಂದು ಕಾರಣವಾಗಿರಬಹುದು.

ಮೈಲುತುತ್ತವೆಂದರೆ ತಾಮ್ರದ ಸಲ್ಫೇಟ್. ಕಬ್ಬಿಣವು ತಾಮ್ರಕ್ಕಿಂತ ಹೆಚ್ಚು ಚುರುಕಾದ ಲೋಹ. ಮೈಲುತುತ್ತದ ನೀರನ್ನು ಕಬ್ಬಿಣದ ಪಾತ್ರೆಯಲ್ಲಿಟ್ಟರೆ ಕಬ್ಬಿಣ ಕರಗಿ ನೀರಿಗೆ ಸೇರುತ್ತದೆ. ತಾಮ್ರ ಹೊರಬಂದು ಪಾತ್ರೆಯ ಒಳಮೈಗೆ ಕೆಂಪಗೆ ಅಂಟುತ್ತದೆ. ಇದೇ ಲೋಹಗಳ ಸ್ಥಾನಪಲ್ಲಟ ಕ್ರಿಯೆ. ತಾಮ್ರದ ನೈಟ್ರೇಟಿನಲ್ಲಿಯೂ ಹೀಗೆಯೇ ನಡೆಯುತ್ತದೆ. ಸತು ಲೇಪಿಸಿದ ತಗಡಿನ ಬಕೆಟ್ಟೂ ಇದಕ್ಕೆ ಹೊರತಲ್ಲ. ರೋಗ ತಡೆಯಬೇಕಾದ ತಾಮ್ರವೂ ಹೋಯಿತು, ಪಾತ್ರೆಯೂ ಹಾಳಾಯಿತು!

ಆದುದರಿಂದ ಮಣ್ಣಿನ, ಮರದ ಅಥವಾ ಪ್ಲಾಸ್ಟಿಕ್ ಪಾತ್ರೆ ಬಳಸಿರಿ. 1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ ಕರಗಿಸಿರಿ. ಇನ್ನೊಂದು ಪಾತ್ರೆಯಲ್ಲಿ 1 ಕಿಲೋ ಸುಟ್ಟ ಸುಣ್ಣವನ್ನು ಅರಳಿಸಿ, ನೀರು ಸೇರಿಸಿ 50 ಲೀಟರ್ ಮಾಡಿ ಸೋಸಿರಿ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಸುರಿಯಿರಿ.

ನಷ್ಟ ತರುವ ಅದೇ ಕ್ರಿಯೆ ಪರೀಕ್ಷೆಗೆ ನೆರವಾಗುತ್ತದೆ. ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗು ಕೆಂಪಾದರೆ ಸುಣ್ಣ ಸಾಲದೆಂದು ಅರ್ಥ. ಹಾಗೆಯೇ ಸಿಂಪಡಿಸಿದರೆ ಸುಣ್ಣದೊಡನೆ ಕೂಡದೆ ಉಳಿದ ತಾಮ್ರ ಎಳೆಯ ಭಾಗಗಳನ್ನು ಸುಡುತ್ತದೆ. ಕೆಂಪು ಕಾಣದಾಗುವವರೆಗೆ ಸುಣ್ಣದ ನೀರು ಸೇರಿಸಿರಿ. ಸ್ಟೀಲ್ ಚಾಕು ಈ ಪರೀಕ್ಷೆಗೆ ಬೇಡ.

ಅಂದು ತಯಾರಿಸಿದ ದ್ರಾವಣವನ್ನು ಅಂದೇ ಸಿಂಪಡಿಸಿ ಮುಗಿಸಿರಿ.