ಧರ್ಮಪಾಠಶಾಲೆಗಳಿಗೆ ಮನ್ನಣೆಯ ಮುದ್ರೆ

(ಪ್ರತಿಷ್ಠಾ ಮಹೋತ್ಸವದ ಧಾರ್ಮಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಪಾಠ)

 

ಚಂದ್ರಗುತ್ತಿಯ ದುರ್ಗವನ್ನು ಏರಿ ನಿಂತವರಿಗೆ ಸುತ್ತಲೂ ಕಾಣುವುದು ಕಾಡು, ಕೆರೆ, ಅಡಕೆಯ ತೋಟ. ಆದರೆ ಈ ಸೀಮೆಯ ನೆಲದಲ್ಲಿ ಎಷ್ಟು ಬೆಳೆ ಬಂದಿದೆಯೋ ಅಷ್ಟೇ ವಿದ್ಯೆಯೂ ಬಂದಿದೆ. ಉತ್ತರಕ್ಕೆ ಬನವಾಸಿ, ಇದೇ ಸೊರಬ ತಾಲ್ಲೂಕಿನಲ್ಲಿ ಕುಪ್ಪಟೂರು, ಉದ್ರಿ, ನೆರೆಯ ಶಿಕಾರಿಪುರ ತಾಲ್ಲೂಕಿನಲ್ಲಿ ಬಂದಳಿಕೆ, ಬಳ್ಳಿಗಾವಿ, ತಾಳಗುಂದ. ಕ್ರಿ.ಶ. 1077ರಲ್ಲಿ ಕದಂಬ ಅರಸ ಕೀರ್ತಿದೇವನ ರಾಣಿ ಮಾಳಲದೇವಿಯು ಕುಪ್ಪಟೂರಿನ ಪಾರ್ಶ್ವದೇವ ಚೈತ್ಯಾಲಯವನ್ನು ಪದ್ಮನಂದಿ ಸಿದ್ಧಾಂತದೇವರಿಂದ ಪ್ರತಿಷ್ಠೆ ಮಾಡಿಸಿದಳು. ಆ ಊರಿನ ಬ್ರಾಹ್ಮಣರನ್ನು ಸತ್ಕರಿಸಿ ಅವರಿಂದಲೇ ಅದಕ್ಕೆ ಬ್ರಹ್ಮಜಿನಾಲಯವೆಂಬ ಹೆಸರನ್ನೂ ಇಡಿಸಿದಳು. ಒಂದು ಬಸದಿಯ ಪ್ರತಿಷ್ಠೆ ನಡೆಯುವ ಈ ಶುಭಸಂದರ್ಭದಲ್ಲಿ ಆ ಶಾಸನದ ಒಂದು ಶಬ್ದದ ಕಡೆಗೆ ಗಮನ ಹರಿಯಬೇಕು. ಆಚಾರ್ಯರ ಹೆಸರು ಬರಿಯ ಪದ್ಮನಂದಿ ಅಲ್ಲ, ಪದ್ಮನಂದಿ ಸಿದ್ಧಾಂತದೇವ. ಸಿದ್ಧಾಂತದೇವ ಎಂಬುದು ಹುಟ್ಟಿನಿಂದ ಬಂದ ಹೆಸರಲ್ಲ, ಕಲಿತು ಪಡೆದದ್ದು. ಹಾಗಾದರೆ ಅದನ್ನು ಕೊಟ್ಟವರು ಯಾರು? ಅದನ್ನು ಒಪ್ಪಿಕೊಂಡವರು ಯಾರು? ಇಂದಿನ ಉಪನ್ಯಾಸದ ವಿಷಯ ಈ ಎರಡು ಪ್ರಶ್ನೆಗಳಲ್ಲಿಯೇ ಅಡಗಿದೆ.

ಈ ಸೀಮೆಯ ಜೈನ ಶಾಸನಗಳಲ್ಲಿ ಮೂಲಸಂಘ, ಕೊಂಡಕುಂದಾನ್ವಯ, ಕ್ರಾಣೂರ್ಗಣ, ತಿಂತ್ರಿಣೀ ಗಚ್ಛ ಎಂಬ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಓದುವವರು ಸಾಮಾನ್ಯವಾಗಿ ಇವುಗಳನ್ನು ದಾಟಿಕೊಂಡು ದಾನದ ಭೂಮಿ ಎಷ್ಟೆಂಬಲ್ಲಿಗೆ ಹೋಗುತ್ತಾರೆ. ವಾಸ್ತವವಾಗಿ ಅಂದಿನ ಮನ್ನಣೆಯ ಮುದ್ರೆ ಅಲ್ಲಿಯೇ ಇದೆ. ಯಾವ ಗುರುವಿನ ಶಿಷ್ಯ, ಆ ಗುರು ಯಾವ ಗಣದವನು ಎಂಬುದನ್ನು ತಿಳಿದರೆ ಶಿಷ್ಯನ ವಿದ್ಯೆಯ ಆಳವನ್ನು ಊಹಿಸಬಹುದಾಗಿತ್ತು. ಇನ್ನು ವಿದ್ಯೆಯ ಪ್ರಮಾಣವನ್ನು ಸೂಚಿಸುವ ಬಿರುದುಗಳೂ ಇದ್ದವು. ಸಿದ್ಧಾಂತ, ತರ್ಕ, ವ್ಯಾಕರಣ ಈ ಮೂರರಲ್ಲಿಯೂ ಪಾರಂಗತನಾದವನು ತ್ರೈವಿದ್ಯ. ಶ್ರವಣಬೆಳಗೊಳದಲ್ಲಿ 1115ರಲ್ಲಿ ಸಮಾಧಿಮರಣ ಹೊಂದಿದ ಮೇಘಚಂದ್ರ ತ್ರೈವಿದ್ಯದೇವರ ಹೆಸರು ಎಲ್ಲರಿಗೂ ತಿಳಿದದ್ದೇ. ಗೊಮ್ಮಟಸಾರವನ್ನು ರಚಿಸಿದ ನೇಮಿಚಂದ್ರರು ಸಿದ್ಧಾಂತಚಕ್ರವರ್ತಿಗಳು. ಚಾಲುಕ್ಯ ಜಯಸಿಂಹ ಜಗದೇಕಮಲ್ಲನ ಆಸ್ಥಾನದಲ್ಲಿ ವಾದಿಗಳನ್ನು ಗೆದ್ದ ವಾದಿರಾಜರಿಗೆ ಅರಸನ ಬಿರುದನ್ನೇ ಸೇರಿಸಿ ಜಗದೇಕಮಲ್ಲವಾದಿ ಎಂದು ಕರೆದರು. ಒಂದು ಗುರುಕುಲದ ಮನ್ನಣೆ, ಮತ್ತೊಂದು ರಾಜಸಭೆಯ ಮನ್ನಣೆ. ಗುರು ಕೊಟ್ಟ ಬಿರುದನ್ನು ಎದುರಾಳಿಯೂ ಒಪ್ಪಬೇಕಾದರೆ ವಾದದಲ್ಲಿ ನಿಲ್ಲಬೇಕಾಗಿತ್ತು. ಹೊರಗಿನವರ ಪರೀಕ್ಷೆ ಎಂಬುದು ಪಾಶ್ಚಾತ್ಯರಿಂದ ಬಂದ ಹೊಸ ವಿಚಾರವೇನೂ ಅಲ್ಲ.

ಬಳ್ಳಿಗಾವಿಯ ಕೋಡಿಯ ಮಠದ 1162ರ ಶಾಸನವನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾಗದು. ಅದು ಕಾಳಾಮುಖ ಶೈವರ ಮಠ. ಅಲ್ಲಿ ನಾಲ್ಕು ವೇದಗಳ ಜೊತೆಗೆ ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ ದರ್ಶನಗಳ ವ್ಯಾಖ್ಯಾನ ನಡೆಯುತ್ತಿತ್ತು. ವ್ಯಾಕರಣದಲ್ಲಿ ಕೌಮಾರ, ಪಾಣಿನೀಯಗಳ ಜೊತೆಗೆ ಶಾಕಟಾಯನವೂ ಇತ್ತು. ಈ ಶಾಕಟಾಯನನು ಅಮೋಘವರ್ಷನ ಕಾಲದ ಜೈನ ವೈಯಾಕರಣ. ಶೈವ ಮಠವೊಂದು ಜೈನನ ವ್ಯಾಕರಣವನ್ನು ಪಾಠಕ್ಕೆ ಇಟ್ಟುಕೊಂಡಿತೆಂದರೆ, ಅದಕ್ಕಿಂತ ದೊಡ್ಡ ಮನ್ನಣೆಯ ಪತ್ರ ಯಾವ ಗ್ರಂಥಕ್ಕೆ ಬೇಕು? ಅದೇ ಮಠದಲ್ಲಿ ಅನ್ನದಾನವೂ ಇತ್ತು, ರೋಗಿಗಳಿಗೆ ಔಷಧವೂ ಇತ್ತು. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನವನ್ನು ಬಲ್ಲ ಶ್ರಾವಕರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನು ಇತ್ತೀಚಿನ ಕಾಲಕ್ಕೆ ಬರೋಣ. ರಾಜಾಶ್ರಯ ಹೋಯಿತು, ವಾದಸಭೆಗಳು ನಿಂತವು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜೈನ ಪಂಡಿತರಾಗಬೇಕೆಂಬ ತರುಣರಿಗೆ ಹೊಸ ದಾರಿಗಳನ್ನು ಸಮಾಜವೇ ತೆರೆಯಿತು. ಗಣೇಶಪ್ರಸಾದ ವರ್ಣಿಯವರು 1905ರಲ್ಲಿ ಕಾಶಿಯಲ್ಲಿ ಸ್ಯಾದ್ವಾದ ಮಹಾವಿದ್ಯಾಲಯವನ್ನು ಸ್ಥಾಪಿಸಿದರು. ಅಲ್ಲಿಯ ವಿದ್ಯಾರ್ಥಿಗಳು ಜೈನ ಶಾಸ್ತ್ರವನ್ನು ತಮ್ಮ ವಿದ್ಯಾಲಯದಲ್ಲಿ ಓದಿ, ಪರೀಕ್ಷೆಯನ್ನು ಕಾಶಿಯ ಸರಕಾರಿ ಸಂಸ್ಕೃತ ಕಾಲೇಜಿನಲ್ಲಿಯೋ ಕಲಕತ್ತೆಯಲ್ಲಿಯೋ ಕೊಡುತ್ತಿದ್ದರು. ಹಳೆಯ ಜೈನ ಪುಸ್ತಕಗಳ ಮುಖಪುಟದಲ್ಲಿ ಪಂಡಿತರ ಹೆಸರಿನ ಮುಂದೆ ಕಾಣುವ ನ್ಯಾಯತೀರ್ಥ, ಶಾಸ್ತ್ರಿ, ಆಚಾರ್ಯ ಎಂಬ ಪದಗಳು ಹೀಗೆ ಬಂದವು. ಇದರ ಜೊತೆಗೆ ಮುಂಬಯಿಯ ದಾನವೀರ ಸೇಠ್ ಮಾಣಿಕಚಂದ್ರ ಹೀರಾಚಂದ್ರರ ಹೆಸರಿನ ದಿಗಂಬರ ಜೈನ ಪರೀಕ್ಷಾಲಯವಿತ್ತು. ಬಾಲಬೋಧ, ಪ್ರವೇಶಿಕಾ, ವಿಶಾರದ, ಶಾಸ್ತ್ರಿ ಎಂಬ ಮೆಟ್ಟಿಲುಗಳು. ಪಾಠಶಾಲೆ ಎಲ್ಲಿಯಾದರೂ ಇರಲಿ, ಪಠ್ಯ ಒಂದೇ, ಪ್ರಶ್ನಪತ್ರಿಕೆ ಒಂದೇ. ಕಲಿಸಿದ ಪಂಡಿತನೇ ಅಂಕ ಕೊಡುವಂತಿರಲಿಲ್ಲ. ವ್ಯಾಪಾರಿಯೊಬ್ಬನ ಹೆಸರಿನಲ್ಲಿ ಇಂಥ ವ್ಯವಸ್ಥೆ ಹುಟ್ಟಿದ್ದು ಆಕಸ್ಮಿಕವಲ್ಲ. ತೂಕ ಎಲ್ಲ ಅಂಗಡಿಗಳಲ್ಲಿಯೂ ಒಂದೇ ಆಗಿರಬೇಕೆಂಬುದು ವ್ಯಾಪಾರದ ಮೊದಲ ಪಾಠ.

ವ್ಯಾಪಾರದ ಮಾತು ಬಂದುದರಿಂದ ಅದನ್ನೇ ಹಿಡಿದು ವಿಷಯವನ್ನು ಸ್ಪಷ್ಟಪಡಿಸಬಹುದು. ಈ ಸೀಮೆಯ ಅಡಕೆಯನ್ನು ಹಸ, ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡಿಸುತ್ತಾರೆ. ಚೀಲದಲ್ಲಿರುವುದು ಬೆಟ್ಟೆಯೋ ಗೊರಬಲೋ ಎಂದು ಹೇಳುವುದು ಒಂದು ಕೆಲಸ. ತೂಗುವ ತಕ್ಕಡಿ ಸರಿಯಾಗಿದೆಯೇ ಎಂದು ತೂಕ ಮತ್ತು ಅಳತೆಯ ಇಲಾಖೆಯವರು ಬಂದು ನೋಡಿ ಮುದ್ರೆ ಒತ್ತುವುದು ಬೇರೆ ಕೆಲಸ. ವಿದ್ಯಾರ್ಥಿಗೆ ಕೊಡುವ ಪ್ರಮಾಣಪತ್ರ ಚೀಲದ ಮೇಲಿನ ಗುರುತು. ಶಾಲೆಗೆ ಕೊಡುವ ಅಧಿಮಾನ್ಯತೆ ತಕ್ಕಡಿಯ ಮೇಲಿನ ಮುದ್ರೆ. ತಕ್ಕಡಿಯ ಮುದ್ರೆ ಅಡಕೆಯ ರುಚಿಯನ್ನು ಹೇಳುವುದಿಲ್ಲ. ಆದರೆ ಅದಿಲ್ಲದೆ ಪರವೂರಿನ ಖರೀದಿದಾರ ಚೀಲವನ್ನು ಮುಟ್ಟುವುದಿಲ್ಲ.

ಜನರು ಗೊಂದಲ ಮಾಡಿಕೊಳ್ಳುವುದು ಇಲ್ಲಿಯೇ. ಒಂದು ಟ್ರಸ್ಟನ್ನು ನೋಂದಾಯಿಸಿದೊಡನೆ ಶಾಲೆಗೆ ಮಾನ್ಯತೆ ಬಂತೆಂದು ತಿಳಿಯುತ್ತಾರೆ. ನೋಂದಣಿಯೆಂದರೆ ಸಂಸ್ಥೆ ಇದೆ ಎಂಬುದಕ್ಕೆ ಸಾಕ್ಷಿ, ಅಷ್ಟೇ. ಶಾಲೆ ನಡೆಸಲು ಸರಕಾರ ಕೊಡುವುದು ಮಾನ್ಯತೆ. ವಿಶ್ವವಿದ್ಯಾಲಯವೊಂದು ತನ್ನ ಪರೀಕ್ಷೆಗೆ ವಿದ್ಯಾರ್ಥಿಗಳನ್ನು ಕಳಿಸಲು ಅನುಮತಿಸುವುದು ಸಂಯೋಜನೆ. ಇವೆಲ್ಲ ಆದ ಮೇಲೆ ಸಂಸ್ಥೆಯ ಗುಣಮಟ್ಟವನ್ನು ಹೊರಗಿನವರು ಅಳೆಯುವುದು ಅಧಿಮಾನ್ಯತೆ. ಉನ್ನತ ಶಿಕ್ಷಣದಲ್ಲಿ ಈ ಕೆಲಸಕ್ಕಾಗಿ 1994ರಲ್ಲಿ ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ನ್ಯಾಕ್ ಸಂಸ್ಥೆ ಸ್ಥಾಪಿತವಾಯಿತು. ಸಂಸ್ಥೆಯು ಮೊದಲು ತನ್ನನ್ನು ತಾನೇ ಪರೀಕ್ಷಿಸಿಕೊಂಡು ವರದಿ ಬರೆಯಬೇಕು ಎಂಬುದು ಅದರ ಕ್ರಮದ ಅಡಿಪಾಯ. ಪ್ರತಿಕ್ರಮಣವನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ.

ಧರ್ಮಪಾಠಶಾಲೆಗಳ ಮಟ್ಟಿಗೆ ಕಾನೂನು ಒಂದು ವಿಚಿತ್ರವಾದ ಸ್ಥಾನವನ್ನು ಕೊಟ್ಟಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಗೆ 2012ರಲ್ಲಿ ತಿದ್ದುಪಡಿ ಮಾಡಿ, ಮದರಸಾಗಳು, ವೇದ ಪಾಠಶಾಲೆಗಳು ಹಾಗೂ ಮುಖ್ಯವಾಗಿ ಧಾರ್ಮಿಕ ಬೋಧನೆ ನೀಡುವ ಸಂಸ್ಥೆಗಳಿಗೆ ಅದು ಅನ್ವಯಿಸದೆಂದು ಹೇಳಲಾಯಿತು. ಇದು ಸ್ವಾತಂತ್ರ್ಯ. ಆದರೆ ಕಾಯಿದೆಯ ಹೊರಗಿರುವ ಶಾಲೆಯಲ್ಲಿ ಎಂಟು ವರ್ಷ ಓದಿದ ಹುಡುಗನ ಕೈಯಲ್ಲಿ ಮುಂದಿನ ತರಗತಿಗೆ ತೋರಿಸುವ ಕಾಗದವಿರುವುದಿಲ್ಲ. ಇನ್ನೊಂದು ಕಡೆ, ಸರಕಾರದ ಮಾನ್ಯತೆ ಪಡೆದರೆ ಸಂವಿಧಾನದ 28ನೆಯ ಅನುಚ್ಛೇದ ಎದುರಾಗುತ್ತದೆ. ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಯಾವ ವಿದ್ಯಾರ್ಥಿಯನ್ನೂ ಅವನ ಒಪ್ಪಿಗೆಯಿಲ್ಲದೆ, ಅಪ್ರಾಪ್ತನಾದರೆ ಪೋಷಕರ ಒಪ್ಪಿಗೆಯಿಲ್ಲದೆ, ಧರ್ಮಬೋಧೆಗೆ ಕೂರಿಸುವಂತಿಲ್ಲ. ಪೂರ್ತಿಯಾಗಿ ಸರಕಾರದ ಹಣದಿಂದಲೇ ನಡೆಯುವಲ್ಲಿ ಧರ್ಮಬೋಧೆಯೇ ಇಲ್ಲ. ಇದು ನ್ಯಾಯವಾದ ನಿಯಮವೇ. ಆದರೆ ಮಾನ್ಯತೆಗೆ ಅರ್ಜಿ ಹಾಕುವವರು ಅದನ್ನು ಮೊದಲೇ ಓದಿಕೊಂಡಿರಬೇಕು.

2014ರ ಜನವರಿ 27ರಂದು ಕೇಂದ್ರ ಸರಕಾರವು ಜೈನರನ್ನು ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಸಮುದಾಯವೆಂದು ಪ್ರಕಟಿಸಿತು. 30ನೆಯ ಅನುಚ್ಛೇದದ ಪ್ರಕಾರ ತಮ್ಮ ಇಷ್ಟದ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕು ಅಲ್ಪಸಂಖ್ಯಾತರಿಗಿದೆ. 2004ರ ಕಾಯಿದೆಯಂತೆ ರಚಿತವಾದ ಆಯೋಗವು ಅಂಥ ಸಂಸ್ಥೆಗಳಿಗೆ ಪ್ರಮಾಣಪತ್ರ ಕೊಡುತ್ತದೆ. ಹಲವರು ಇದನ್ನೇ ವಿದ್ಯೆಯ ಗುಣಮಟ್ಟದ ಮನ್ನಣೆಯೆಂದು ಭಾವಿಸುತ್ತಾರೆ. ಅಲ್ಲ. ಅಂಗಡಿ ಯಾರದೆಂಬುದನ್ನು ಅದು ಹೇಳುತ್ತದೆ, ಸರಕಿನ ವಿಷಯವನ್ನಲ್ಲ.

ಪದವಿಗಳ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. 1956ರ ವಿಶ್ವವಿದ್ಯಾಲಯ ಅನುದಾನ ಆಯೋಗದ ಕಾಯಿದೆಯ ಪ್ರಕಾರ ಪದವಿ ಕೊಡುವ ಅಧಿಕಾರ ವಿಶ್ವವಿದ್ಯಾಲಯಗಳಿಗೂ ಕಾನೂನು ಅಂಥ ಅಧಿಕಾರ ಕೊಟ್ಟ ಸಂಸ್ಥೆಗಳಿಗೂ ಮಾತ್ರ. 2024ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಉತ್ತರ ಪ್ರದೇಶದ ಮದರಸಾ ಶಿಕ್ಷಣ ಮಂಡಲಿಯ 2004ರ ಕಾಯಿದೆಯನ್ನು ಎತ್ತಿಹಿಡಿದರೂ, ಆ ಮಂಡಲಿ ಕೊಡುತ್ತಿದ್ದ ಕಾಮಿಲ್, ಫಾಜಿಲ್ ಎಂಬ ಉನ್ನತ ಪದವಿಗಳ ಭಾಗವನ್ನು ಮಾತ್ರ ಇದೇ ಕಾರಣದಿಂದ ಅಸಿಂಧುಗೊಳಿಸಿತು. ತೀರ್ಪು ಮದರಸಾಗಳ ಕುರಿತಾದರೂ ಅದರಲ್ಲಿಯ ನ್ಯಾಯ ಎಲ್ಲ ಮತದ ಪಾಠಶಾಲೆಗಳಿಗೂ ಒಂದೇ. ಪರೀಕ್ಷಾಲಯವೊಂದು ಕೊಡುವ ಶಾಸ್ತ್ರಿ ಎಂಬುದು ಗೌರವ. ಸಂಸ್ಕೃತ ವಿಶ್ವವಿದ್ಯಾಲಯ ಕೊಡುವ ಶಾಸ್ತ್ರಿ ಎಂಬುದು ಬಿ.ಎ.ಗೆ ಸಮನಾದ ಪದವಿ. ಅಕ್ಷರ ಎರಡೇ ಆದರೂ ಬೆಲೆ ಬೇರೆ. ಇದನ್ನು ತಿಳಿಯದೆ ವಿದ್ಯಾರ್ಥಿ ಅಧ್ಯಾಪಕನ ಹುದ್ದೆಗೆ ಅರ್ಜಿ ಹಾಕಿ ನಿರಾಶನಾಗಿ ಹಿಂದಿರುಗಿದರೆ ತಪ್ಪು ಅವನದಲ್ಲ.

ಬೇರೆಯವರು ಏನು ಮಾಡಿದ್ದಾರೆಂಬುದನ್ನು ನೋಡುವುದರಲ್ಲಿ ಸಂಕೋಚ ಬೇಡ. ಅನೇಕಾಂತವಾದಿಗಳಿಗೆ ಅದು ಭೂಷಣವೇ. ಬಂಗಾಳದ ಶ್ರೀರಾಮಪುರದ ಕ್ರೈಸ್ತ ಕಾಲೇಜಿಗೆ 1827ರಲ್ಲಿ ಡೆನ್ಮಾರ್ಕಿನ ದೊರೆಯು ಪದವಿ ಕೊಡುವ ಸನ್ನದನ್ನು ಕೊಟ್ಟನು. 1918ರಲ್ಲಿ ಬಂಗಾಳದ ಶಾಸನಸಭೆಯ ಕಾಯಿದೆಯಿಂದ ಆ ಅಧಿಕಾರ ಗಟ್ಟಿಯಾಯಿತು. ಅಂದಿನಿಂದ ಶ್ರೀರಾಮಪುರದ ಸೆನೆಟ್ ಎಂಬ ಒಂದೇ ಮಂಡಲಿ ದೇಶದ ನಾನಾ ಕಡೆಯ ದೈವಜ್ಞಾನ ಕಾಲೇಜುಗಳನ್ನು ಸಂಯೋಜನೆ ಮಾಡಿಕೊಂಡು ಪಠ್ಯ, ಪರೀಕ್ಷೆ, ಪದವಿಗಳನ್ನು ನಡೆಸುತ್ತ ಬಂದಿದೆ. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜು, ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಅದಕ್ಕೆ ಸೇರಿದವು. ಆ ಕಾಲೇಜುಗಳು ಒಂದೇ ಪಂಥದವಲ್ಲ. ಪೂಜಾಕ್ರಮದಲ್ಲಿ ಭೇದವುಳ್ಳವರು ಪರೀಕ್ಷೆಯಲ್ಲಿ ಒಂದಾಗಿದ್ದಾರೆ. ಅಮೆರಿಕದಲ್ಲಿ ಸರಕಾರ ಈ ಕೆಲಸಕ್ಕೆ ಕೈಹಾಕುವುದಿಲ್ಲ. ಅಲ್ಲಿಯ ದೈವಜ್ಞಾನ ಶಾಲೆಗಳು 1918ರಲ್ಲಿ ತಾವೇ ಸಭೆ ಸೇರಿ, ಕ್ರಮೇಣ ನಿಯಮಗಳನ್ನು ಮಾಡಿಕೊಂಡು, 1938ರಲ್ಲಿ ಅಧಿಮಾನ್ಯ ಶಾಲೆಗಳ ಮೊದಲ ಪಟ್ಟಿಯನ್ನು ಪ್ರಕಟಿಸಿದವು. ಒಂದು ಶಾಲೆಯನ್ನು ಇತರ ಶಾಲೆಗಳ ಅಧ್ಯಾಪಕರೇ ಬಂದು ನೋಡುತ್ತಾರೆ. ಶಾಲೆ ತನ್ನ ಉದ್ದೇಶ ಇಂಥದೆಂದು ಹೇಳಿಕೊಂಡಿದೆಯಲ್ಲ, ಅದನ್ನು ಸಾಧಿಸುತ್ತಿದೆಯೇ ಎಂದು ಕೇಳುತ್ತಾರೆ. ಶಾಲೆ ಬೋಧಿಸುವ ತತ್ತ್ವ ಸರಿಯೇ ತಪ್ಪೇ ಎಂದು ಕೇಳುವುದಿಲ್ಲ.

ದೇಶದೊಳಗೂ ಉದಾಹರಣೆಗಳಿವೆ. ವೇದ ಪಾಠಶಾಲೆಗಳಿಗಾಗಿ ಉಜ್ಜಯಿನಿಯ ಸಾಂದೀಪನಿ ಪ್ರತಿಷ್ಠಾನದ ಮಂಡಲಿ ಕೊಡುವ ವೇದಭೂಷಣ, ವೇದವಿಭೂಷಣ ಪ್ರಮಾಣಪತ್ರಗಳನ್ನು 2022ರಲ್ಲಿ ಹತ್ತನೆಯ ಮತ್ತು ಹನ್ನೆರಡನೆಯ ತರಗತಿಗೆ ಸಮವೆಂದು ಒಪ್ಪಲಾಯಿತು. ತೇರಾಪಂಥದ ಆಚಾರ್ಯ ತುಲಸಿಯವರ ಪ್ರೇರಣೆಯ ಲಾಡನೂಂವಿನ ಜೈನ ವಿಶ್ವಭಾರತಿ 1991ರಲ್ಲಿ ಪರಿಗಣಿತ ವಿಶ್ವವಿದ್ಯಾಲಯವಾಯಿತು. ಕರ್ನಾಟಕದಲ್ಲಿ ಮೈಸೂರು ವಿಶ್ವವಿದ್ಯಾಲಯದ ಜೈನಶಾಸ್ತ್ರ ಮತ್ತು ಪ್ರಾಕೃತ ವಿಭಾಗಕ್ಕೆ ಸದಲಗದ ಸುಪುತ್ರ ಡಾ. ಆ. ನೇ. ಉಪಾಧ್ಯೆಯವರು 1971ರಲ್ಲಿ ಬಂದು ಅದಕ್ಕೆ ಘನತೆ ತಂದರು. ಶ್ರವಣಬೆಳಗೊಳದಲ್ಲಿ ಚಾರುಕೀರ್ತಿ ಭಟ್ಟಾರಕ ಸ್ವಾಮಿಗಳವರು ಪ್ರಾಕೃತ ಅಧ್ಯಯನ ಸಂಸ್ಥಾನವನ್ನು ಕಟ್ಟಿದರು. ಸ್ವಾಮಿಗಳವರು 2023ರಲ್ಲಿ ಸಮಾಧಿಸ್ಥರಾದರೂ ಅವರು ನೆಟ್ಟ ಗಿಡ ಫಲ ಕೊಡುತ್ತಿದೆ. 2024ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರವು ಪ್ರಾಕೃತಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನವನ್ನೂ ಕೊಟ್ಟಿತು. ಮೇಲಿನ ಮಹಡಿ ಹೀಗೆ ಸಿದ್ಧವಾಗಿದೆ. ಇಲ್ಲದಿರುವುದು ಕೆಳಗಿನ ಮೆಟ್ಟಿಲು. ಊರ ಬಸದಿಯ ಪಾಠಶಾಲೆಯಲ್ಲಿ ಣಮೋಕಾರ ಮಂತ್ರದಿಂದ ಆರಂಭಿಸಿದ ಮಗು ಆ ಮಹಡಿಯವರೆಗೆ ಏರುವುದು ಹೇಗೆ?

ಇಂದು ತಂದೆತಾಯಿಗಳು ಮಕ್ಕಳನ್ನು ಪಾಠಶಾಲೆಗೆ ಕಳಿಸುವುದಿಲ್ಲವೆಂದು ದೂರುವವರಿದ್ದಾರೆ. ದೂರು ಅರ್ಧ ಮಾತ್ರ ಸತ್ಯ. ಭಕ್ತಿ ಕಡಿಮೆಯಾದುದಕ್ಕಿಂತ ಹೆಚ್ಚಾಗಿ, ಕಲಿತದ್ದಕ್ಕೆ ಎಲ್ಲಿಯೂ ಲೆಕ್ಕವಿಲ್ಲವೆಂಬುದು ಅವರ ಹಿಂಜರಿಕೆ. ಪ್ರತಿಷ್ಠೆಗೆ ಲಕ್ಷಗಟ್ಟಲೆ ವೆಚ್ಚ ಮಾಡಿದ ಊರು ಮರುವರ್ಷ ನಿತ್ಯಪೂಜೆಗೆ ಇಂದ್ರರನ್ನು ಹುಡುಕುತ್ತ ಅಲೆಯುವುದುಂಟು. ಮೂಡಬಿದಿರೆಯ ತಾಡೆಯೋಲೆಗಳಲ್ಲಿ ಶತಮಾನಗಳ ಕಾಲ ಉಳಿದುಬಂದ ಧವಲಾ ಗ್ರಂಥವು 1939ರಿಂದ 1958ರವರೆಗೆ ಹದಿನಾರು ಸಂಪುಟಗಳಾಗಿ ಅಚ್ಚಾಗಿ ಹೊರಬಂತು. ಓಲೆ ಉಳಿಯಿತು, ಅಚ್ಚೂ ಆಯಿತು. ಅದನ್ನು ಓದಿ ಅರ್ಥ ಹೇಳಬಲ್ಲವರು ಮಲೆನಾಡಿನಲ್ಲಿ ಎಷ್ಟು ಮಂದಿ ಎಂದು ಕೇಳಿದರೆ ಸಭೆ ಮೌನವಾಗುತ್ತದೆ.

ಆದುದರಿಂದ ಆಗಬೇಕಾದ ಕೆಲಸ ಎರಡು ತೆರನಾದುದು. ಮೊದಲನೆಯದಕ್ಕೆ ಸರಕಾರದ ಅಪ್ಪಣೆಯೇ ಬೇಡ. ಹೊಂಬುಜ, ಸೋಂದಾ, ಶ್ರವಣಬೆಳಗೊಳ, ಮೂಡಬಿದಿರೆ, ಕಾರ್ಕಳ ಮೊದಲಾದ ಮಠಗಳ ಪೂಜ್ಯರು ಕೂಡಿ ಒಂದೇ ಪಠ್ಯಕ್ರಮವನ್ನು ಒಪ್ಪಬೇಕು. ರತ್ನಕರಂಡಕ ಶ್ರಾವಕಾಚಾರ, ದ್ರವ್ಯಸಂಗ್ರಹ, ತತ್ತ್ವಾರ್ಥಸೂತ್ರ ಇವುಗಳನ್ನು ಯಾವ ಮಠದವರೂ ಬೇಡವೆನ್ನಲಾರರು. ಪರೀಕ್ಷಕರು ಪರವೂರಿನವರಾಗಿರಬೇಕು. ಧಾರ್ಮಿಕ ಬಿರುದು ಮಠದ ಕೈಯಲ್ಲಿಯೇ ಇರಲಿ. ಯಾವ ಇಲಾಖೆಯೂ ಸಮ್ಯಗ್ದರ್ಶನಕ್ಕೆ ಅಂಕ ಕೊಡಲಾರದು, ಕೊಡಲೂಬಾರದು. ಎರಡನೆಯದು ಭಾಷೆ ಮತ್ತು ಶಾಸ್ತ್ರದ ಓದು. ಅದಕ್ಕೆ ಕರ್ನಾಟಕದಲ್ಲಿ ಸಂಸ್ಕೃತ ಪಾಠಶಾಲೆಗಳ ಪ್ರಥಮಾ, ಕಾವ್ಯ, ಸಾಹಿತ್ಯ, ವಿದ್ವತ್ ಎಂಬ ಹಳೆಯ ದಾರಿ ಇದೆ. 2010ರಲ್ಲಿ ಸಂಸ್ಕೃತ ವಿಶ್ವವಿದ್ಯಾಲಯವೂ ಬಂದಿದೆ. ಹಗಲು ಸರಕಾರಿ ಶಾಲೆ, ಸಂಜೆ ಪಾಠಶಾಲೆ ಎಂದು ನಡೆದರೆ ಮಗುವಿನ ಕೈಯಲ್ಲಿ ಎರಡು ಕಾಗದಗಳಿರುತ್ತವೆ, ಒಂದು ಇನ್ನೊಂದಕ್ಕೆ ಅಡ್ಡಿಯಾಗುವುದಿಲ್ಲ. ವೇದ ಪಾಠಶಾಲೆಗಳಂತೆ ರಾಷ್ಟ್ರಮಟ್ಟದ ಮಂಡಲಿಯನ್ನು ಕೇಳುವ ಹಕ್ಕು ಜೈನರಿಗೂ ಇದೆ. ಆದರೆ ಕೇಳಲು ಹೋದವರನ್ನು ಅಧಿಕಾರಿಗಳು ಮೊದಲು ಕೇಳುವುದು, ಪಠ್ಯಕ್ರಮ ಎಲ್ಲಿ, ಕಳೆದ ವರ್ಷಗಳ ದಾಖಲೆ ಎಲ್ಲಿ ಎಂದು.

ಆ ದಾಖಲೆಯ ಆರಂಭ ಸಣ್ಣದು. ದಾಖಲಾತಿ ಪುಸ್ತಕ, ಹಾಜರಿ ಪುಸ್ತಕ, ಅಧ್ಯಾಪಕರ ವಿದ್ಯಾರ್ಹತೆಯ ಪ್ರತಿ, ಪ್ರಶ್ನಪತ್ರಿಕೆಗಳು, ಮೌಲ್ಯಮಾಪನವಾದ ಉತ್ತರಪತ್ರಿಕೆಗಳು, ಲೆಕ್ಕ ಪರಿಶೋಧಕರ ವರದಿ. ಅಂಗಡಿಯ ಖಾತೆಕಿರ್ದಿಯನ್ನು ದೀಪಾವಳಿಯಿಂದ ದೀಪಾವಳಿಗೆ ತಪ್ಪದೆ ಬರೆಯುವ ಸಮಾಜಕ್ಕೆ ಇದು ಭಾರವಲ್ಲ. ಪ್ರತಿಷ್ಠೆಯಾದ ಬಸದಿಯ ಟ್ರಸ್ಟಿನ ಪತ್ರದಲ್ಲಿ ಪೂಜೆ, ಅಭಿಷೇಕ, ರಥೋತ್ಸವಗಳ ವೆಚ್ಚಕ್ಕೆ ಒಂದೊಂದು ಕಲಮು ಇರುವುದು ವಾಡಿಕೆ. ಪಾಠಶಾಲೆಗೆಂದು, ಅದರ ಅಧ್ಯಾಪಕರ ಸಂಬಳಕ್ಕೆಂದು ಪ್ರತ್ಯೇಕವಾದ ಒಂದು ಕಲಮನ್ನು ಈ ವರ್ಷವೇ, ಮೂಲನಿಧಿ ಬೇರೆ ವೆಚ್ಚಗಳಿಗೆ ಹಂಚಿಹೋಗುವ ಮೊದಲು, ಬರೆಯಿಸತಕ್ಕದ್ದು.